ಏರದೆ ಉಳಿದ ಹಸಿರು ಬಳೆ

ಭಕ್ತ ಬಂಧುಗಳೇ, ಕಾಲುವೆಯ ನೀರು ಸುರಪುರದ ಸೀಮೆಗೆ ಬಂದು ಕೆಲವು ವರ್ಷಗಳಾಗಿದ್ದವು. ನಾನು ಸಂಸ್ಕೃತ ಪಾಠಶಾಲೆಯಿಂದ ನಿವೃತ್ತನಾಗಿದ್ದೆ. ಆ ಶ್ರಾವಣದಲ್ಲಿ ನನ್ನ ಪತ್ನಿ ಗೋದಾವರಿ ಅಂಗಳದಿಂದ ದೇವರ ಮನೆಗೆ ಬರುವಷ್ಟರಲ್ಲಿ ಎರಡು ಬಾರಿ ಕುಳಿತು ಉಸಿರು ತೆಗೆದುಕೊಳ್ಳುತ್ತಿದ್ದಳು. ಮುಖ ದಿನದಿನಕ್ಕೆ ಬಿಳುಪೇರುತ್ತಿತ್ತು. ಅದು ಶುಕ್ರವಾರದ ಉಪವಾಸಗಳ ತೇಜಸ್ಸೆಂದು ನೆರೆಯವರು ಕೈಮುಗಿದರು. ಶಾಸ್ತ್ರ ಓದಿದ ನಾನೂ ಅದನ್ನೇ ನಂಬಿದೆ. ಈ ತಪ್ಪನ್ನು ಒಪ್ಪಿಕೊಂಡೇ ಮುಂದಿನದನ್ನು ಬರೆಯಬೇಕು.

ಟಾನಿಕ್ಕು ಕುಡಿಸಿದರೂ ಫಲ ಕಾಣಲಿಲ್ಲ. ಇವಳು ಗುಣವಾದರೆ ನಿನಗೂ ಇವಳಿಗೂ ಹಸಿರು ಬಳೆ ತೊಡಿಸುತ್ತೇನೆಂದು ಮನೆದೇವಿಗೆ ಹರಕೆ ಹೊತ್ತೆ. ಒಂದು ಶುಕ್ರವಾರ ಅವಳಿಗೆ ಆರತಿಯ ತಟ್ಟೆಯನ್ನೂ ಎತ್ತಲಾಗಲಿಲ್ಲ. ಗುಣವಾಗುವವರೆಗೆ ಅವಳು ಇರುವಳೆಂಬ ಭರವಸೆ ನನ್ನಲ್ಲಿ ಉಳಿಯಲಿಲ್ಲ. ಹರಕೆಯನ್ನು ಮೊದಲೇ ತೀರಿಸಿಬಿಡೋಣವೆಂದು ಬಳೆಗಾರ್ತಿ ಖಾಸಿಂಬಿಯನ್ನು ಕರೆಸಿದೆ.

ದೇವಿಗೆ ನಾನೇ ಬಳೆ ಏರಿಸಿದೆ. ಗೋದಾವರಿಯ ಕೈಗೆ ಏರಲಿಲ್ಲ. ಖಾಸಿಂಬಿ ಅವಳ ಕೈಯನ್ನು ಒತ್ತಿ ಒತ್ತಿ ನೋಡಿ ಬಳೆಯನ್ನು ಕೆಳಗಿಟ್ಟಳು.

"ಮಾಸ್ತರ್ರೀ, ಇಪ್ಪತ್ತು ವರ್ಷ ಆತು ಈ ಕೈಗೆ ಬಳಿ ಇಡಸಾಕತ್ತೇನಿ. ಅಳತಿ ನನಗ ಗೊತ್ತದ. ಇದು ಬಾವು ಅದರಿ. ನನ್ನ ಬೆರಳ ಒತ್ತಿದ ಕುಣಿ ಹಂಗ ನಿಂತದ, ನೋಡ್ರಿ. ಅಂಗೈ ಗೆರಿಯಾಗ ಸುದ್ದಾ ಕೆಂಪಿಲ್ಲ. ಮೊದ್ಲ ದವಾಖಾನಿಗೆ ಕರಕೊಂಡು ಹೋಗ್ರಿ."

ಮರುದಿನ ಮೊದಲ ಬಸ್ಸಿಗೆ ಶಹಾಪುರಕ್ಕೆ ಹೋದೆವು. ವೈದ್ಯರು ಅವಸರಪಡಲಿಲ್ಲ. ಕೆಳರೆಪ್ಪೆಯನ್ನು ಇಳಿಸಿ ನೋಡಿದರು. ಒಳಗೆ ಸುಣ್ಣದ ಬಿಳುಪು. ನಾಲಿಗೆ, ಉಗುರು, ಅಂಗೈಗಳನ್ನು ನೋಡಿದರು. ಮೊಳಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳೊತ್ತಿ ತೆಗೆದರು. ಕುಳಿ ಬೇಗ ತುಂಬಲಿಲ್ಲ. ತೋಳಿನ ಮೇಲಿನ ಕೆರೆತದ ಗೀರುಗಳನ್ನು ಗಮನಿಸಿ, ಬಿ.ಪಿ. ಎರಡು ಸಲ ಅಳೆದು, ಎದೆಯ ಸದ್ದನ್ನು ಬಹಳ ಹೊತ್ತು ಆಲಿಸಿದರು.

"ಇದು ಬರೇ ರಕ್ತ ಕಡಿಮಿ ಅಲ್ರಿ ಅಜ್ಜಾರ. ಕಿಡ್ನಿ ಸೋತಂಗ ಕಾಣ್ತಾವ. ಅವು ಹೇಳಿದ್ರನ ಮೈಯಾಗ ರಕ್ತ ಆಗ್ತದ. ಇಷ್ಟು ದಿನ ಏನ್ ಮಾಡಾಕತ್ತಿದ್ರಿ?"

"ನಾ ಉಪಾಸ ಮಾಡಾಕತ್ತಿದ್ದೆರಿ, ಇವರು ತೇಜಸ್ಸು ನೋಡಾಕತ್ತಿದ್ರು," ಎಂದಳು ಗೋದಾವರಿ.

ಯಾದಗಿರಿಯಲ್ಲಿ ಮಾಡಿಸಿದ ಪರೀಕ್ಷೆಗಳು ವೈದ್ಯರ ಮಾತನ್ನೇ ದೃಢಪಡಿಸಿದವು. ಅಲ್ಲಿಯೇ ರಕ್ತ ಕೊಡಿಸಿದರು. ಉಪ್ಪು ಕಡಿಮೆ ಮಾಡಿಸಿದರು, ಉಪವಾಸ ಬಿಡಿಸಿದರು. ಇನ್ನೂ ತಡವಾಗಿದ್ದರೆ ಅವಳ ಎದೆ ತಾಳುತ್ತಿರಲಿಲ್ಲವಂತೆ.

ಸೋತ ಮೂತ್ರಪಿಂಡಗಳು ಮರಳಲಿಲ್ಲ, ಮರಳುವುದೂ ಇಲ್ಲ. ಮಾತ್ರೆ, ಸೂಜಿಗಳು ನಡೆದೇ ಇವೆ. ಬಾವು ಇಳಿದ ಮೇಲೆ, ದೀಪಾವಳಿಯ ಹೊತ್ತಿಗೆ, ಅದೇ ಹಸಿರು ಬಳೆಗಳನ್ನು ಖಾಸಿಂಬಿಯೇ ತೊಡಿಸಿದಳು. ನಾನು ಬೇಡಿದ್ದು ಆರೋಗ್ಯವನ್ನು. ತಾಯಿ ಹರಕೆಯ ಬಳೆಯನ್ನೇ ತಡೆದು ರೋಗವನ್ನು ತೋರಿಸಿದಳು. ಆ ಕರುಣೆಗೆ ಈ ಜನ್ಮವಿಡೀ ಋಣಿ.

ಈಗ ಪ್ರತಿದಿನ ಪೂಜೆಗೆ ಕುಳಿತುಕೊಳ್ಳುವ ಮೊದಲು ಗೋದಾವರಿಯನ್ನು ಬೆಳಕಿಗೆ ಕೂಡಿಸಿ ಕೆಳರೆಪ್ಪೆಯನ್ನು ಇಳಿಸುತ್ತೇನೆ.

"ತೇಜಸ್ಸು ಕಾಣಾಕತ್ತದೇನ್ರಿ?" ಎನ್ನುತ್ತಾಳೆ.

ಎಳೆಗೆಂಪಿನ ಒಂದು ಗೆರೆ ಕಂಡ ದಿನ, ಆರತಿಯ ತಟ್ಟೆಯನ್ನು ಅವಳ ಕೈಗೇ ಕೊಡುತ್ತೇನೆ.