ಸೆಲ್ಫ್ ತಗೊಳ್ಳದ ಕಾರು ಮತ್ತು ಎದುರುಮನೆಯ ಮೇಷ್ಟ್ರು

ನಾವು ಕಾರು ಕೊಂಡಿದ್ದು ಆಷಾಢದಲ್ಲಿ. ಅಪ್ಪನ ಆಫೀಸಿನವರೊಬ್ಬರಿಗೆ ಧಾರವಾಡಕ್ಕೆ ವರ್ಗವಾಗಿತ್ತು. ತಿಂಗಳೊಳಗೆ ಕಾರು ಮಾರಿ ಹೊರಡಬೇಕಿತ್ತು, ಆದರೆ ಆಷಾಢವಾದ್ದರಿಂದ ಕೊಳ್ಳಲು ಯಾರೂ ಬರಲಿಲ್ಲ. ಅಪ್ಪ ಹೋಗಿ ಬಾನೆಟ್ಟು ಎತ್ತಿ, ನೋಡಿ, ಇಳಿಸಿ, ಒಪ್ಪಿಕೊಂಡು ಬಂದರು. ಬಾನೆಟ್ಟಿನ ಕೆಳಗೆ ಏನು ನೋಡಿದಿರಿ ಎಂದು ಅಮ್ಮ ಕೇಳಿದಾಗ, ಎಲ್ಲಾ ಇತ್ತು ಎಂದರು.

ಅದು ತೊಂಬತ್ತರ ದಶಕದ ಮಧ್ಯಭಾಗ. ಕಾರಿಗೆ ಆಗಲೇ ಹತ್ತು ಹನ್ನೆರಡು ವರ್ಷ, ಬಣ್ಣ ಮಾಸಲು ನೀಲಿ. ಅಪ್ಪನ ಹತ್ತಿರ ಲೈಸೆನ್ಸು ಇತ್ತು. ಆದರೆ ಯಾವ ಕಾಲದಲ್ಲೋ ಮಿನರ್ವ ಸರ್ಕಲ್ಲಿನ ನಡುವೆ ಇನ್ನೊಬ್ಬರ ಕಾರು ಅವರ ಕೈಯಲ್ಲಿ ನಿಂತುಹೋಗಿ, ಹಿಂದಿನ ಬಸ್ಸಿನವನು ಬೈದ ಮೇಲೆ ಅವರು ಸ್ಟೀರಿಂಗು ಮುಟ್ಟಿರಲಿಲ್ಲ. ಓಡಿಸಬೇಕಾದವಳು ನಾನು. ಗಾಂಧಿಬಜಾರಿನ ಹತ್ತಿರದ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತು ಆಗಷ್ಟೇ ಲೈಸೆನ್ಸು ತೆಗೆದಿದ್ದೆ. ಮನೆಯ ಹತ್ತಿರದ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಅಲ್ಲಿಗೆ ನಡೆದೇ ಹೋಗಬಹುದಿತ್ತು. ಹಾಗಾಗಿ ಕಾರು ಯಾತಕ್ಕೆ ಎಂಬ ಪ್ರಶ್ನೆಗೆ ನಮ್ಮ ಮನೆಯಲ್ಲಿ ಸರಿಯಾದ ಉತ್ತರ ಇರಲಿಲ್ಲ.

ಚಿಕ್ಕಂದಿನಿಂದ ನನಗೆ ದಿನಚರಿ ಬರೆಯುವ ಅಭ್ಯಾಸ. ಕಾರು ಬಂದ ದಿನವೇ ಅದಕ್ಕೊಂದು ಪುಟ ತೆರೆದು, ಗೆರೆ ಎಳೆದು ಮೂರು ಕಾಲಂ ಮಾಡಿದೆ: ತಾರೀಕು, ಕಾಯಿಲೆ, ಮದ್ದು. ಕಾರಣ ಎಂದು ನಾಲ್ಕನೆಯದೂ ಬೇಕು ಎನ್ನುವುದು ಅಮ್ಮನ ವಾದ. ಅವಳ ಪ್ರಕಾರ ಅದರಲ್ಲಿ ಮೇಲಿನಿಂದ ಕೆಳಗಿನವರೆಗೆ ಆಷಾಢ ಎಂದು ಬರೆದರೆ ಸಾಕಿತ್ತು.

ಕಾಯಿಲೆಗಳು ಸಣ್ಣವು. ಬಲಕ್ಕೆ ಪೂರ್ತಿ ತಿರುಗಿಸಿದರೆ ಹಾರ್ನು ತಾನೇ ಹೊಡೆದುಕೊಳ್ಳುತ್ತಿತ್ತು. ಹಿಂದಿನ ಎಡಗಡೆಯ ಗಾಜು ಮೆಲ್ಲಗೆ ಜಾರಿ ಇಳಿಯುತ್ತಿತ್ತು. ಅಪ್ಪ ಯಾರದೋ ಮದುವೆಯ ಕರೆಯೋಲೆಯನ್ನು ನಾಲ್ಕಾಗಿ ಮಡಿಸಿ ಅದಕ್ಕೆ ಒತ್ತು ಕೊಟ್ಟಿದ್ದರು. ವೈಪರು ಬಿಸಿಲಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಇವೆಲ್ಲಕ್ಕೂ ಹೊಂದಿಕೊಂಡೆವು. ಎರಡನೆಯ ವಾರ ಕೀಲಿ ತಿರುಗಿಸಿದಾಗ ಟಿಕ್ ಎಂದು ಒಂದು ಸದ್ದು ಬಂತು, ಅಷ್ಟೇ. ಮಾವಳ್ಳಿಯ ಮೆಕ್ಯಾನಿಕ್ಕು ಬಂದು, ಕಾರಿನಡಿ ತೂರಿ, ಎದ್ದು ಕೈ ಒರೆಸಿಕೊಂಡ.

‘ಸೆಲ್ಫ್ ತಗೋತಿಲ್ಲ ಮೇಡಂ. ಸ್ಟಾರ್ಟ್ ಮಾಡೋ ಮೋಟ್ರೇ ಹೋಗಿದೆ. ಕಲಾಸಿಪಾಳ್ಯದಲ್ಲಿ ಹಳೇದು ಸಿಗುತ್ತೆ, ಹೇಳಿಡ್ತೀನಿ. ಅಲ್ಲೀವರ್ಗೂ ತಳ್ಕೊಂಡು ಓಡಾಡ್ತಿರಿ.’

ಗವಿಪುರಂನ ನಮ್ಮ ರಸ್ತೆ ಇಳಿಜಾರು. ಆದರೆ ನಮ್ಮ ಮನೆಯ ಮುಂದೆ ಮಾತ್ರ ಒಂದಷ್ಟು ದೂರ ಸಮವಾಗಿದೆ. ಅಲ್ಲಿಂದ ಮೂಲೆಯ ಮನೆಯವರೆಗೆ ತಳ್ಳಿದರೆ ಮುಂದಕ್ಕೆ ಕಾರು ತಾನೇ ಉರುಳುತ್ತದೆ. ನಾನು ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಎಂಜಿನ್ನು ಒಮ್ಮೆ ಕೆಮ್ಮಿ ಹತ್ತಿಕೊಳ್ಳುತ್ತದೆ. ಮೊದಲ ದಿನ ತಳ್ಳಿದವರು ಅಪ್ಪ ಮತ್ತು ಮೂಲೆಮನೆಯ ಮಹಡಿಯ ರೂಮಿನಲ್ಲಿದ್ದ ಇಬ್ಬರು ಕಾಲೇಜು ಹುಡುಗರು. ಒಬ್ಬ ತಳ್ಳುವಾಗ ಇನ್ನೊಬ್ಬ ಉಸಿರು ಬಿಡುತ್ತಿದ್ದ. ಕಾರು ಅಲ್ಲೇ ತೂಗಾಡುತ್ತಿತ್ತು.

ಎದುರುಮನೆಯ ಮೇಷ್ಟ್ರಿಗೆ ಇದನ್ನು ನೋಡಿಕೊಂಡು ಇರಲಾಗಲಿಲ್ಲ. ಅವರು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿ ನಿವೃತ್ತರಾದವರು. ಬನಿಯನ್ನಿನಲ್ಲೇ ರಸ್ತೆಗಿಳಿದರು.

‘ಏನ್ರಯ್ಯಾ, ಕಾರು ತಳ್ತಿದೀರೋ, ಕಾರಿಗೆ ಒರಗಿಕೊಂಡಿದೀರೋ? ನಾನು ಮೂರು ಅಂದಾಗ ಎಲ್ಲರೂ ಒಟ್ಟಿಗೆ. ಸಾರ್, ನೀವು ಈ ಕಡೆ ಬನ್ನಿ.’

ಅವರು ಮೂರು ಎಂದರು, ಕಾರು ಹೊರಟಿತು. ಹಿಂದಿನಿಂದ ಒಬ್ಬ ಹುಡುಗ, ಲೇ ಮಗಾ, ಚಪ್ಪಲಿ ಹೋಯ್ತು ಕಣೋ ಎನ್ನುವುದು ಕೇಳಿಸಿತು.

ಮೇಷ್ಟ್ರ ಹೆಂಡತಿಯನ್ನು ನಾನು ಆಂಟಿ ಎನ್ನುತ್ತಿದ್ದೆ. ಆ ವರ್ಷ ಬೇಸಗೆಯಲ್ಲಿ ಅವರು ಹಿತ್ತಲ ಮೆಟ್ಟಿಲಿನಲ್ಲಿ ಜಾರಿ ಬಲಗಾಲಿನ ಮಂಡಿಚಿಪ್ಪು ಒಡೆದುಕೊಂಡಿದ್ದರು. ಪ್ಲಾಸ್ಟರು ಬಿಚ್ಚುವ ಹೊತ್ತಿಗೆ ಕಾಲು ಕೋಲಿನಂತೆ ನೆಟ್ಟಗಾಗಿತ್ತು. ವಾರಕ್ಕೆ ಮೂರು ಸಂಜೆ ಚಾಮರಾಜಪೇಟೆಯ ಒಂದು ಕ್ಲಿನಿಕ್ಕಿನಲ್ಲಿ ವ್ಯಾಯಾಮ ಮಾಡಿಸಬೇಕು, ಈಗ ತಪ್ಪಿಸಿದರೆ ಮಂಡಿ ಹೀಗೇ ಉಳಿದುಬಿಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಆದರೆ ಮಡಿಸಲಾಗದ ಕಾಲಿಗೆ ಆಟೋದಲ್ಲಿ ಜಾಗವಿರಲಿಲ್ಲ. ಅಡ್ಡವಾಗಿ ಕೂತು ಕಾಲನ್ನು ಮೇಷ್ಟ್ರ ತೊಡೆಯ ಮೇಲಿಟ್ಟು ಹೋಗಬೇಕು. ಪ್ರತಿ ಹಳ್ಳಕ್ಕೂ ಆಂಟಿ ಕಣ್ಣು ಮುಚ್ಚುತ್ತಿದ್ದರು. ಮನೆಯಲ್ಲಿ ಇನ್ನೂ ಕಷ್ಟ. ಅವರದು ಹಳೆಯ ಕಾಲದ ಬಚ್ಚಲು, ಹಳೆಯ ಕಾಲದ ಕಕ್ಕಸು. ಕೂರುವುದಕ್ಕೂ ಏಳುವುದಕ್ಕೂ ಮೇಷ್ಟ್ರೇ ಹಿಡಿದುಕೊಳ್ಳಬೇಕಿತ್ತು. ನೋವನ್ನಾದರೂ ತಡೆದುಕೊಳ್ಳಬಹುದು, ಇದನ್ನು ಸಾಯೋವರೆಗೂ ಹೇಗೆ ತಡೆದುಕೊಳ್ಳಲಿ ಎಂದು ಆಂಟಿ ನಮ್ಮಮ್ಮನ ಹತ್ತಿರ ಹೇಳಿದ್ದರಂತೆ.

ನಮ್ಮ ಕಾರಿನ ಮುಂದಿನ ಸೀಟು ಹಿಂದಕ್ಕೆ ಸರಿಯುತ್ತಿತ್ತು. ಪೂರ್ತಿ ಸರಿಸಿದರೆ ಆಂಟಿಯ ಕಾಲು ನೀಳವಾಗಿ ಹಿಡಿಸುತ್ತಿತ್ತು. ಇದನ್ನು ಕಂಡುಕೊಂಡವಳು ಅಮ್ಮ. ಹೊಸದಾಗಿ ಕಲಿತ ಮಗಳ ಕೈ ಪಳಗಬೇಕು, ಸಂಜೆ ಎಲ್ಲಿಗಾದರೂ ಓಡಿಸಲೇಬೇಕು ಎಂದು ಅಪ್ಪ ಮೇಷ್ಟ್ರಿಗೆ ಹೇಳಿದರು. ಮೇಷ್ಟ್ರು ಸ್ವಲ್ಪ ಯೋಚಿಸಿ, ತಳ್ಳೋಕೆ ಹೇಗೂ ನಾನು ಬೇಕಲ್ಲ ಎಂದು ಒಪ್ಪಿದರು.

ಹೀಗೆ ಸೋಮವಾರ, ಬುಧವಾರ, ಶುಕ್ರವಾರ ನಮ್ಮ ಸವಾರಿ ಹೊರಡುತ್ತಿತ್ತು. ಆಂಟಿ ಮುಂದೆ. ಅವರ ಸೀಟು ಹಿಂದೆ ಸರಿದದ್ದರಿಂದ ಅಪ್ಪ ಹಿಂದಿನ ಸೀಟಿನಲ್ಲಿ ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಕೂರುತ್ತಿದ್ದರು. ಬರಬೇಡಿ ಎಂದರೂ ಕೇಳುತ್ತಿರಲಿಲ್ಲ. ಅವರ ಕಾರು, ಅವರು ಬರಲೇಬೇಕು. ಮೇಷ್ಟ್ರು ಮೂಲೆಮನೆಯ ಹುಡುಗರ ಜೊತೆ ಕಾರು ತಳ್ಳಿ, ಇಳಿಜಾರಿನ ಕೊನೆಯಲ್ಲಿ ಕಾಯುತ್ತಿದ್ದ ನಮ್ಮ ಹತ್ತಿರಕ್ಕೆ ಓಡಿಬಂದು, ಅಪ್ಪನ ಪಕ್ಕ ಕೂತು ಬಾಗಿಲು ಹಾಕಿಕೊಳ್ಳುತ್ತಿದ್ದರು. ಅವರ ಮುಖದಲ್ಲಿ ಬೆವರೂ ಇರುತ್ತಿತ್ತು, ಒಂದು ಬಗೆಯ ಗೆಲುವೂ ಇರುತ್ತಿತ್ತು. ಚಾಮರಾಜಪೇಟೆಯಲ್ಲಿ ಇಳಿಜಾರಿಲ್ಲ. ವಾಪಸು ಹೊರಡುವಾಗ ಅಲ್ಲಿನ ಆಟೋ ಸ್ಟ್ಯಾಂಡಿನವರು ಕೈ ಹಾಕುತ್ತಿದ್ದರು. ಅವರಲ್ಲೊಬ್ಬ ಆಂಟಿಯನ್ನು ಹಿಂದೆ ಎಷ್ಟೋ ಸಲ ಕರೆದುಕೊಂಡು ಬಂದವನು.

‘ಏನ್ ಮೇಡಂ, ನಮ್ ಗಿರಾಕೀನ ಕಿತ್ಕೊಂಡಿದ್ದೂ ಅಲ್ದೆ, ನಮ್ ಕೈಲೇ ತಳ್ಳಿಸ್ತೀರಲ್ಲ’ ಎಂದ ಒಂದು ದಿನ.

‘ಒಳ್ಳೇ ಕೆಲಸ ಮಾಡ್ತಿದೀಯ. ಮಾತಾಡ್ದೆ ತಳ್ಳು’ ಎಂದರು ಮೇಷ್ಟ್ರು.

ಶ್ರಾವಣ ಬಂತು. ಮೊದಲ ಶುಕ್ರವಾರ ಬೆಳಿಗ್ಗೆ ಅಮ್ಮ ದೇವಸ್ಥಾನದ ಮುಂದೆ ಕಾರಿಗೆ ಪೂಜೆ ಮಾಡಿಸಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಡಿಸಿದಳು. ಮರುದಿನ ಮೆಕ್ಯಾನಿಕ್ಕು ಸೆಲ್ಫ್ ಮೋಟರು ತಂದು ಹಾಕಿದ. ಕೀಲಿ ತಿರುಗಿಸಿದೆ; ಎಂಜಿನ್ನು ಒಂದೇ ಏಟಿಗೆ ಹತ್ತಿಕೊಂಡಿತು. ಅಮ್ಮ ನನ್ನ ದಿನಚರಿಯ ಕಡೆ ನೋಡಿದಳು. ಮೇಷ್ಟ್ರು ರಸ್ತೆ ದಾಟಿ ಬಂದು ಸದ್ದು ಕೇಳಿ, ಭೇಷ್ ಎಂದು ಬಾನೆಟ್ಟು ತಟ್ಟಿ ಹೋದರು.

ಸೋಮವಾರ ಸಂಜೆ ಅವರ ಮನೆಯ ಮುಂದೆ ಕಾರು ನಿಲ್ಲಿಸಿದಾಗ ಅಲ್ಲಿ ಆಗಲೇ ಒಂದು ಆಟೋ ನಿಂತಿತ್ತು.

‘ಇವತ್ತು ಆಟೋಗೆ ಹೇಳ್ಬಿಟ್ಟಿದೀನಿ ಕಣಮ್ಮ. ನೀನು ಸುಮ್ನೆ ಯಾಕೆ ಅಷ್ಟು ದೂರ?’ ಎಂದರು ಮೇಷ್ಟ್ರು. ಆಂಟಿ ನನ್ನನ್ನು ನೋಡಿ ನಕ್ಕು, ಆಟೋದೊಳಗೆ ಅಡ್ಡವಾಗಿ ಸರಿದು ಕೂತರು. ಕಾಲನ್ನು ಎತ್ತಿ ಒಳಗಿಡುವಾಗ ಆ ನಗು ಹೋಯಿತು.

ನನಗೆ ಅರ್ಥವಾಗಲಿಲ್ಲ. ಅಪ್ಪ ಏನಾದರೂ ಅಂದಿರಬಹುದೇ ಎಂದು ಅಮ್ಮನನ್ನು ಕೇಳಿದೆ. ಅಪ್ಪನಿಗೂ ಬೇಜಾರಾಗಿತ್ತು. ಕಾರಣ ಗೊತ್ತಿದ್ದವಳು ಅಮ್ಮ. ಅವಳು ಹುರಳಿಕಾಯಿಯ ನಾರು ತೆಗೆಯುತ್ತಾ ಹೇಳಿದಳು.

‘ಇಷ್ಟು ದಿನ ತಳ್ತಿದ್ರು, ಕೂತ್ಕೋತಿದ್ರು. ಈಗ ಏನು ಮಾಡಿದೀವಿ ಅಂತ ಕೂತ್ಕೋಬೇಕು ಹೇಳು? ಅವರು ಯಾರ ಹತ್ರಾನೂ ಸುಮ್ನೆ ಒಂದು ಲೋಟ ಮಜ್ಜಿಗೆ ಈಸ್ಕೊಂಡೋರಲ್ಲ.’

ಅದು ನಿಜ. ನಮ್ಮನೆಯಿಂದ ಸಾರು ಹೋದರೆ ಆ ಪಾತ್ರೆ ಎಂದೂ ಬರಿದಾಗಿ ಬಂದಿರಲಿಲ್ಲ. ಅಪ್ಪ ಅವರ ಮನೆಗೆ ಹೋಗಿ ಮತ್ತೆ ಕರೆದರು. ಹಾಗಾದರೆ ಪೆಟ್ರೋಲು ನಾನು ಹಾಕಿಸುತ್ತೇನೆ ಎಂದರಂತೆ ಮೇಷ್ಟ್ರು. ನಾವೇನು ಟ್ಯಾಕ್ಸಿ ಇಟ್ಟಿದೀವಾ ಎಂದು ಅಪ್ಪ ಮುಖ ಊದಿಸಿಕೊಂಡು ವಾಪಸು ಬಂದರು. ಇಬ್ಬರೂ ಮರ್ಯಾದಸ್ಥರು, ಹಾಗಾಗಿ ಮಾತು ಅಲ್ಲಿಗೇ ನಿಂತಿತು. ಬುಧವಾರ ಎದುರುಮನೆಯ ಮುಂದೆ ಆಟೋ ಕೂಡ ಬರಲಿಲ್ಲ. ಸೋಮವಾರದ ಕುಲುಕಾಟಕ್ಕೆ ಮಂಡಿ ಬಾತುಕೊಂಡಿದೆ, ಇವತ್ತು ಹೋಗುತ್ತಿಲ್ಲ ಎಂದು ಅಮ್ಮ ವಿಚಾರಿಸಿಕೊಂಡು ಬಂದಳು. ಆ ದಿನದ ದಿನಚರಿಯಲ್ಲಿ ಕಾರಿನ ಪುಟದಲ್ಲಿ ಬರೆಯಲು ಏನೂ ಇರಲಿಲ್ಲ. ಕಾರು ಚೆನ್ನಾಗಿತ್ತು.

ಸೆಲ್ಫ್ ಸರಿಹೋದ ಮೇಲೆ ಕಾರನ್ನು ಇಳಿಜಾರಿಗೆ ಮುಖಮಾಡಿ ರಸ್ತೆಯಲ್ಲೇ ಬಿಡುವ ಅಗತ್ಯವಿರಲಿಲ್ಲ. ಗುರುವಾರ ಅಪ್ಪ ಅದನ್ನು ಕಾಂಪೌಂಡಿನೊಳಗೆ ಹಾಕಲು ಹೇಳಿದರು. ಮನೆಯ ಗೋಡೆಗೂ ಕಾಂಪೌಂಡಿಗೂ ನಡುವಿನ ಓಣಿ ಕಾರಿಗೆಂದು ಕಟ್ಟಿದ್ದಲ್ಲ, ತೆಂಗಿನ ಗರಿ ಎಳೆದು ಹಾಕಲು ಬಿಟ್ಟ ಜಾಗ. ಒಂದು ಕಡೆ ಅಮ್ಮನ ಕನಕಾಂಬರದ ಕುಂಡಗಳು, ಇನ್ನೊಂದು ಕಡೆ ನೀರಿನ ಮೀಟರು. ಮುಂದಕ್ಕೆ ಹೇಗೋ ತೂರಿಸಿದೆ. ಮರುದಿನ ಸಂಜೆ ರಿವರ್ಸಿನಲ್ಲಿ ಹೊರಗೆ ತರುವಾಗ ಅಪ್ಪ ಗೇಟಿನ ಹತ್ತಿರ ನಿಂತು ದಾರಿ ಹೇಳಿದರು. ಅವರು ನನ್ನ ಕಡೆ ಮುಖ ಮಾಡಿ ನಿಂತಿದ್ದರಿಂದ ಅವರ ಎಡ ನನ್ನ ಬಲವಾಗಿತ್ತು. ಜೊತೆಗೆ ಬರ್ಲಿ ಎನ್ನುವುದಕ್ಕೂ ಬೇಡ ಎನ್ನುವುದಕ್ಕೂ ಒಂದೇ ರೀತಿ ಕೈ ಆಡಿಸುತ್ತಿದ್ದರು. ಒಂದು ಕುಂಡ ಹೋಯಿತು. ಎಡಗಡೆಯ ಕನ್ನಡಿ ಗೇಟಿನ ಕಂಬಕ್ಕೆ ತಾಗಿ ಮಡಿಸಿಕೊಂಡಿತು. ಸ್ಟೀರಿಂಗನ್ನು ಬಲಕ್ಕೆ ಪೂರ್ತಿ ತಿರುಗಿಸಿದಾಗ ಹಾರ್ನು ಹೊಡೆಯತೊಡಗಿತು. ಎಡಕ್ಕೆ ತಿರುಗಿಸಿದರೆ ಕಂಬ. ಹಾರ್ನು ಹಾಗೇ ಕೂಗುತ್ತಿತ್ತು.

ಮೇಷ್ಟ್ರು ತಮ್ಮ ಜಗುಲಿಯಲ್ಲಿ ಪೇಪರು ಹಿಡಿದು ಕೂತಿದ್ದರು. ಒಳಗಿನ ಕನ್ನಡಿಯಲ್ಲಿ ನನಗೆ ಕಾಣುತ್ತಿತ್ತು: ಪೇಪರು ಒಮ್ಮೆ ಕೆಳಗಿಳಿಯಿತು, ಮತ್ತೆ ಮೇಲೇರಿತು, ಆಮೇಲೆ ಪೂರ್ತಿ ಇಳಿಯಿತು.

‘ನಿಲ್ಸು, ನಿಲ್ಸು. ಅಲುಗಾಡ್ಬೇಡ. ಸಾರ್, ನೀವು ದಯವಿಟ್ಟು ಒಳಗೆ ಹೋಗ್ಬಿಡಿ.’

ರಸ್ತೆಯ ನಡುವೆ ನಿಂತು ಅವರು ಮೈದಾನದ ದನಿಯಲ್ಲಿ ಹೇಳತೊಡಗಿದರು. ಸ್ವಲ್ಪ ಮುಂದೆ ಹೋಗು. ಸಾಕು. ಸ್ಟೀರಿಂಗ್ ನೆಟ್ಟಗೆ ಮಾಡು. ಈಗ ಬರ್ಲಿ, ಬರ್ಲಿ, ಲೆಫ್ಟಿಗೆ ಕಟ್ ಮಾಡು, ಬರ್ಲಿ. ನಾನು ಹಿಂದೆ ನೋಡುವುದನ್ನು ಬಿಟ್ಟು ಆ ದನಿಯನ್ನೇ ಕೇಳಿದೆ. ಕಾರು ಹೊರಬಂದು ಅವರ ಗೇಟಿನ ಮುಂದೆ ನಿಂತಿತು. ಅವರ ಮುಖದ ಮೇಲೆ ಆ ಹಳೆಯ ಬೆವರು ಮತ್ತೆ ಕಾಣಿಸಿತು.

ಅಪ್ಪನಿಗೆ ಬಾಯಿ ಬಿಡಲು ಅವಕಾಶ ಕೊಡದೆ ನಾನೇ ಕೇಳಿದೆ.

‘ಮೇಷ್ಟ್ರೆ, ವಾಪಸ್ ಬಂದಾಗ ಇದನ್ನ ಒಳಗೆ ಹಾಕ್ಸೋರು ಯಾರು?’

‘ನಾನಿರ್ತೀನಲ್ಲಮ್ಮ. ಎಷ್ಟೊತ್ತಿಗೆ ಬರ್ತೀಯ?’

‘ಆಂಟಿ ಎಕ್ಸರ್‌ಸೈಜ್ ಮುಗಿದ ತಕ್ಷಣ.’

ಅವರು ನನ್ನನ್ನು ನೋಡಿದರು, ಓಣಿಯ ಕಡೆ ನೋಡಿದರು, ಮುರಿದ ಕುಂಡ ನೋಡಿದರು. ಆ ಕುಂಡ ನನ್ನ ಪರವಾಗಿ ಸಾಕ್ಷಿ ಹೇಳಿತು ಎಂದೇ ಅಂದುಕೊಂಡಿದ್ದೇನೆ.

‘ದಿನಾ ಬೇಕಾಗುತ್ತೆ ನಿಂಗೆ’ ಎಂದರು.

‘ಹೋಗೋವಾಗ ಒಂದ್ಸಲ, ಬಂದಾಗ ಒಂದ್ಸಲ.’

‘ಹೂಂ’ ಎಂದು ಅವರು ಮನೆಯ ಕಡೆ ತಿರುಗಿದರು. ‘ಲೇ, ಸೀರೆ ಸರಿಮಾಡ್ಕೊಂಡು ಬಾ. ಈ ಹುಡುಗಿಗೆ ನಾವಿಲ್ದೆ ಗೇಟು ದಾಟಕ್ಕಾಗಲ್ಲ.’

ಆಂಟಿ ಆಗಲೇ ಸೀರೆ ಸರಿಮಾಡಿಕೊಂಡು ಬಾಗಿಲ ಹಿಂದೆ ನಿಂತಿದ್ದರು.

ಅಂದಿನಿಂದ ಒಂದು ಸಂಜೆಯೂ ತಪ್ಪಲಿಲ್ಲ. ಹಾರ್ನು ಸರಿಯಾಯಿತು, ಗಾಜು ಸರಿಯಾಯಿತು, ಕರೆಯೋಲೆ ಎಲ್ಲೋ ಕಳೆದುಹೋಯಿತು. ಓಣಿಯನ್ನು ಅಗಲ ಮಾಡಿಸುವ ಮಾತನ್ನು ಅಪ್ಪ ಒಮ್ಮೆ ಎತ್ತಿದರು. ಅಮ್ಮ ಅವರನ್ನು ನೋಡಿದ ರೀತಿಗೆ ಮತ್ತೆ ಎತ್ತಲಿಲ್ಲ. ಆಂಟಿಯ ಸೀಟಿನ ಕೆಳಗೆ ಒಂದು ಸರಳು ಇತ್ತು. ಅದನ್ನು ಎತ್ತಿದರೆ ಸೀಟು ಒಂದೊಂದೇ ಹಲ್ಲು ಮುಂದಕ್ಕೆ ಬರುತ್ತಿತ್ತು. ದಸರಾಕ್ಕೆ ಮುಂಚೆ ಒಂದು ಸಂಜೆ ಕ್ಲಿನಿಕ್ಕಿನಿಂದ ಬಂದು ಕೂತವರು ತಾವೇ ಕೈ ಕೆಳಗೆ ಹಾಕಿ ಸರಳು ಎತ್ತಿದರು. ಸೀಟು ಕಟಕ್ ಎಂದು ಒಂದು ಹಲ್ಲು ಮುಂದೆ ಸರಿಯಿತು. ಮಂಡಿ ಅಷ್ಟು ಮಡಿಸತೊಡಗಿತ್ತು. ಆಮೇಲೆ ಹದಿನೈದು ದಿನಕ್ಕೋ ತಿಂಗಳಿಗೋ ಇನ್ನೊಂದು ಕಟಕ್. ನಾನು ಕಾರಿನ ಪುಟದಲ್ಲಿ, ಕಾಯಿಲೆ ಮತ್ತು ಮದ್ದಿನ ಗೆರೆಗಳ ಆಚೆ, ಅದನ್ನೂ ಬರೆದಿಡತೊಡಗಿದೆ.

ಸಂಕ್ರಾಂತಿಯ ಎಳ್ಳು ಬೀರಲು ಆಂಟಿ ಒಬ್ಬರೇ ರಸ್ತೆ ದಾಟಿ ನಮ್ಮನೆಗೆ ಬಂದರು. ಅಮ್ಮನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದರು. ಅಮ್ಮ ಅವರ ಎರಡೂ ಕೈ ಹಿಡಿದುಕೊಂಡಳು. ಕೂರೋಕೂ ಏಳೋಕೂ ಈಗ ಯಾರೂ ಹಿಡ್ಕೋಬೇಕಿಲ್ವಂತೆ ಎಂದು ಆಮೇಲೆ ನನಗೆ ಹೇಳಿದಳು. ಅದಾದ ಮೊದಲ ಸೋಮವಾರ ಸೀಟು ಎಷ್ಟು ಮುಂದೆ ಬಂದಿತ್ತೆಂದರೆ, ಹಿಂದೆ ಕೂತ ಅಪ್ಪ ಕಾಲ ಮೇಲೆ ಕಾಲು ಹಾಕಿಕೊಂಡು, ಆರಾಮಾಗಿದೆ ಕಣ್ರೀ ಮೇಷ್ಟ್ರೆ, ಒಳ್ಳೇ ಕಾರು ಎಂದರು.