ಅಮ್ಮ ಕೂತ ಹತ್ತು ನಿಮಿಷ

ಕಾರ್ಖಾನೆಯ ಸೈರನ್ ಕೇಳಿ ಭದ್ರಾವತಿಯ ಮನೆಮನೆಗಳು ಗಡಿಯಾರ ತಿದ್ದಿಕೊಳ್ಳುತ್ತಿದ್ದ ಕಾಲದ ಮಾತು ಇದು. ನಮ್ಮದು ಹೆಂಚಿನ ಕ್ವಾರ್ಟರ್ಸ್. ಎರಡು ಕೋಣೆ, ಒಂದು ಅಡುಗೆಮನೆ, ಅದಕ್ಕೆ ಅಂಟಿಕೊಂಡ ಸಾಮಾನಿನ ಕೋಣೆ. ಅಪ್ಪ ಸೈರನ್ನಿಗೆ ಏಳುತ್ತಿದ್ದರು, ಸೈರನ್ನಿಗೆ ಹೊರಡುತ್ತಿದ್ದರು. ನಾನೂ ತಮ್ಮ ನಾಗರಾಜನೂ ಸೈರನ್ನಿಗೆ ಹಲ್ಲುಜ್ಜುತ್ತಿದ್ದೆವು. ಎಪ್ಪತ್ತು ದಾಟಿದ ಮೇಲೂ ನಾನು ಐದೂವರೆಗೆ ಏಳುತ್ತೇನೆ, ಏಳಕ್ಕೆ ತಿಂಡಿ ಮುಗಿಸುತ್ತೇನೆ. ಅದು ಅಲ್ಲಿ ಕಲಿತದ್ದು. ಆ ಶಿಸ್ತಿನ ಮೇಲೆ ನನ್ನ ದೂರಿಲ್ಲ. ಆ ವೇಳಾಪಟ್ಟಿಯಲ್ಲಿ ಎಲ್ಲರಿಗೂ ಕೂರುವ ಹೊತ್ತಿತ್ತು, ಅಮ್ಮನಿಗೆ ಮಾತ್ರ ಇರಲಿಲ್ಲ. ನನ್ನ ಸಿಟ್ಟು ಅದರ ಮೇಲೆ.

ನನಗಾಗ ಹನ್ನೊಂದು ವರ್ಷ. ಆ ಮಳೆಗಾಲವಿಡೀ ಅಮ್ಮನಿಗೆ ತಲೆನೋವು. ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡೇ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಗಣಪತಿಯನ್ನು ನೀರಿಗೆ ಬಿಟ್ಟ ಮಾರನೆಯ ದಿನ ಆಸ್ಪತ್ರೆಗೆ ಹೋದಳು, ಜೊತೆಗೆ ನಾನು. ಡಾಕ್ಟರಮ್ಮ ಕಣ್ಣು ನೋಡಿದರು, ಬಿ.ಪಿ. ನೋಡಿದರು, ಕೊನೆಗೆ ಕೇಳಿದರು:

"ದಿನಕ್ಕೆ ಎಷ್ಟೊತ್ತು ಕೂತ್ಕೊಂತೀರ?"

"ಅಕ್ಕಿ ಆರಿಸೋವಾಗ ಕೂತ್ಕೊಂತೀನಲ್ಲ," ಅಂದಳು ಅಮ್ಮ.

"ಅದಲ್ಲ ಕಣ್ರೀ. ಸುಮ್ನೆ. ಕಣ್ಣು ಮುಚ್ಕೊಂಡು."

"ಹಂಗೆ ಕೂತ್ರೆ ನಿದ್ದೆ ಬಂದ್ಬಿಡುತ್ತೆ ಡಾಕ್ಟ್ರೇ."

"ಬರ್ಲಿ. ದಿನಾ ಹತ್ತು ನಿಮಿಷ ಬಾಗ್ಲು ಹಾಕ್ಕೊಂಡು ಕೂತ್ಕೊಂಡು ಉಸಿರು ಎಣಿಸಿ. ಮಾತ್ರೆ ಆಮೇಲೆ ನೋಡೋಣ."

ಅಮ್ಮ ಹೇಳಿದ್ದನ್ನು ಹೇಳಿದ ಹಾಗೆ ಮಾಡುವವಳು. ಮರುದಿನ ಬೆಳಿಗ್ಗೆ ಆರರ ಸೈರನ್ ಕೂಗಿ ಅಪ್ಪನ ಮೊದಲ ಶಿಫ್ಟು ಶುರುವಾಗುತ್ತಲೇ ಸಾಮಾನಿನ ಕೋಣೆಗೆ ಹೋದಳು. ಅಕ್ಕಿ ಡಬ್ಬಕ್ಕೂ ಗೋಡೆಗೂ ನಡುವೆ ಮಣೆ ಹಾಕಿ, ಒಳಚಿಲಕ ಹಾಕಿಕೊಂಡು ಕೂತಳು. ಹೊರಗೆ ಟೈಂಪೀಸ್ ಹಿಡಿದು ನಾನು. ಹತ್ತು ನಿಮಿಷವಾದ ಮೇಲೆ ಒಂದು ಸಲ ಬಾಗಿಲು ತಟ್ಟಬೇಕು, ಅದಕ್ಕೆ ಮೊದಲು ಯಾರನ್ನೂ ತಟ್ಟಗೊಡಬಾರದು. ಅದು ನನ್ನ ಕೆಲಸ. ಆಚೆ ಬಂದವಳೇ ಹೇಳಿದಳು:

"ಎಪ್ಪತ್ತರ ತನಕ ಎಣಿಸಿದೆ ಕಣೇ. ಆಮೇಲೆ ಧ್ಯಾನವೆಲ್ಲ ಹುಣಸೆಹಣ್ಣಿನ ಮೇಲೆ ಹೋಯ್ತು."

"ಯಾಕೆ?"

"ಮೂಗಿನ ಮುಂದೇನೇ ಇದ್ಯಲ್ಲೇ, ಜಾಡಿ."

ಒಂದು ವಾರದೊಳಗೆ ಹಣೆಯ ಬಟ್ಟೆ ಇಳಿಯಿತು. ಮಳೆ ಬಿಟ್ಟು ಹದವಾದ ಬಿಸಿಲು ಬಿದ್ದಿತ್ತು. ನವರಾತ್ರಿಯೊಳಗೆ ಮನೆ ಹಸನು ಮಾಡಬೇಕು. ಬೇರೆ ವರ್ಷ ಬೈಗುಳದಲ್ಲಿ ಮುಗಿಯುತ್ತಿದ್ದ ಕೆಲಸ ಆ ವರ್ಷ ಆಟವಾಯಿತು. ಸುಣ್ಣದ ಕಲ್ಲಿಗೆ ನೀರು ಹೊಯ್ದಾಗ ಡ್ರಮ್ಮಿನೊಳಗೆ ಕೊತಕೊತ ಕುದಿಯುವುದನ್ನು ನಾವು ದೂರ ನಿಂತು ನೋಡಿದೆವು. ಅದು ತಣಿದ ಮೇಲೆ ಹಳೆ ಪಂಚೆಯಲ್ಲಿ ಸೋಸಿ, ಚಿಟಿಕೆ ನೀಲಿ ಬೆರೆಸಿ, ಕುಂಚವನ್ನು ಅಮ್ಮ ನಮ್ಮ ಕೈಗೇ ಕೊಟ್ಟಳು. ಗೋಡೆಗಿಂತ ನೆಲಕ್ಕೇ ಹೆಚ್ಚು ಸುಣ್ಣವಾಯಿತು. ಅವಳು ಗದರಲಿಲ್ಲ. ದಿಂಬುಗಳನ್ನು ಬಿಚ್ಚಿ ಬೂರುಗದ ಹತ್ತಿಯನ್ನು ಅಂಗಳದಲ್ಲಿ ಹರವಿದೆವು. ನಾಗರಾಜ ಅದರಲ್ಲಿ ಮೀಸೆ ಅಂಟಿಸಿಕೊಂಡು, ಅಪ್ಪನ ಹಾಗೆ ಕೆಮ್ಮಿ, "ಲೇ, ಕಾಫಿ," ಅಂದ. ಅಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಒದ್ದೆ ಗೋಡೆಯ ವಾಸನೆ, ಬಿಸಿಲು ಕುಡಿದ ಹತ್ತಿಯ ವಾಸನೆ, ಕಾಯಿ ಬೆಲ್ಲ ಕಲಸಿದ ಅವಲಕ್ಕಿ. ಅಮ್ಮನಿಗೆ ಹಾಡಲು ಬರುತ್ತದೆಂದು ನನಗೆ ಗೊತ್ತಾದದ್ದೇ ಆಗ.

ಆಮೇಲೆ ಎರಡು ಸಂಗತಿ ಒಟ್ಟಿಗೇ ಆದವು. ಅಪ್ಪನ ಶಿಫ್ಟು ಬದಲಾಗಿ ಬೆಳಿಗ್ಗೆ ಹೊತ್ತು ಮನೆಯಲ್ಲೇ ಇರುವಂತಾಯಿತು. ಶಿವಮೊಗ್ಗದ ದುರ್ಗಿಗುಡಿಯಿಂದ ಅಪ್ಪನ ಅಕ್ಕ, ನಮ್ಮ ಸೋದರತ್ತೆ, ಹಬ್ಬಕ್ಕೆಂದು ಒಂದು ವಾರ ಮುಂಚೆಯೇ ಟ್ರಂಕು ಸಮೇತ ಬಂದರು.

"ಎಲ್ಲೇ ವಿಮಲ ನಿಮ್ಮಮ್ಮ?"

"ಒಳಗೆ ಕೂತಿದಾಳೆ ಅತ್ತೆ."

ಅಮ್ಮ ಚಿಲಕ ತೆಗೆದು ಹೊರಗೆ ಬರುವವರೆಗೂ ಅತ್ತೆ ಬಾಗಿಲ ಮುಂದೆಯೇ ನಿಂತಿದ್ದರು.

"ಅಲ್ಲ ಸರೋಜ, ಹೆಂಗಸರು ತಿಂಗಳಿಗೊಂದ್ಸಲ ಹೊರಗೆ ಕೂರೋದು ಕೇಳಿದೀನಿ. ದಿನಾ ಒಳಗೆ ಕೂರೋದು ಯಾವ ಶಾಸ್ತ್ರ ಮಾರಾಯ್ತಿ?"

"ಹತ್ತೇ ನಿಮಿಷ ಅತ್ತಿಗೆ. ಡಾಕ್ಟ್ರು ಹೇಳಿದಾರೆ."

"ಡಾಕ್ಟ್ರಿಗೇನು. ಅವರ ಮನೇಲಿ ಅಡುಗೆಯವಳಿರ್ತಾಳೆ."

ಅಪ್ಪ ನಕ್ಕರು. ಆ ನಗುವನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅತ್ತೆಯೇ ಹಾಲು ಒಲೆಯ ಮೇಲಿಟ್ಟು ಪಕ್ಕದಲ್ಲಿ ಕೂತರು. ಕೈಯಲ್ಲಿ ಪಾತ್ರೆ ಇಳಿಸುವ ಬಟ್ಟೆ ಇತ್ತು. ಹಾಲು ಏರತೊಡಗಿತು.

"ಏ ವಿಮಲ, ಹಾಲು ಉಕ್ಕುತ್ತೆ. ನಿಮ್ಮಮ್ಮನ್ನ ಕರಿ."

"ನೀವೇ ಇಳಿಸಿ ಅತ್ತೆ. ಅಲ್ಲೇ ಇದೀರಲ್ಲ."

"ಮನೆ ಯಾರದ್ದೇ? ಕರಿ ಅಂದ್ರೆ ಕರಿ."

ಟೈಂಪೀಸಿನಲ್ಲಿ ಆರು ನಿಮಿಷವಾಗಿತ್ತು. ಹಾಲು ಉಕ್ಕಿತು. ಕೈಯಲ್ಲಿದ್ದ ಬಟ್ಟೆಯನ್ನು ಅತ್ತೆ ಅಲುಗಿಸಲಿಲ್ಲ, ಹಾಲು ಒಲೆಗೆ ಸುರಿಯುವುದನ್ನು ಕೊನೆಯ ತನಕ ನೋಡಿದರು. ನಾನು ಬಾಗಿಲು ತಟ್ಟಿದೆ. ಯಾರನ್ನೂ ತಟ್ಟಗೊಡಬಾರದೆಂದು ಅಮ್ಮ ನನ್ನನ್ನು ನಿಲ್ಲಿಸಿದ್ದಳು, ತಟ್ಟಿದವಳು ನಾನು. ಸೀದ ಹಾಲಿನ ವಾಸನೆಗೆ ಅಪ್ಪ ಎದ್ದು ಬಂದರು. ಅತ್ತೆ, "ನೋಡಪ್ಪ, ನಿನ್ನ ಹೆಂಡ್ತಿ ತಪಸ್ಸು," ಅಂದರು. ನಡೆದದ್ದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಅಪ್ಪ ಕೂಗಾಡಲಿಲ್ಲ. ಅವರು ಕೂಗಾಡುವವರೇ ಅಲ್ಲ. ಮಾರನೆಯ ದಿನ ಭಾನುವಾರ, ಬಾಗಿಲುಗಳಿಗೆ ಹಸಿರು ಬಣ್ಣ ಬಳಿಯಲು ಕೂತರು. ಮುಂಬಾಗಿಲ ಚಿಲಕಕ್ಕೆ ಕಾಗದ ಸುತ್ತಿ ಬಳಿದರು. ಬಚ್ಚಲಮನೆಯದಕ್ಕೂ ಹಾಗೆಯೇ. ಸಾಮಾನಿನ ಕೋಣೆಗೆ ಬಂದಾಗ ಸ್ಕ್ರೂಡ್ರೈವರ್ ತೆಗೆದರು.

"ಕೈ ಹಿಡಿ ಪುಟ್ಟಿ."

ನಾಲ್ಕು ಸ್ಕ್ರೂಗಳನ್ನು ಒಂದೊಂದಾಗಿ ನನ್ನ ಅಂಗೈಗೆ ಹಾಕಿದರು.

"ಇದಕ್ಕೂ ಕಾಗದ ಸುತ್ತಬಹುದಲ್ಲಪ್ಪ?"

"ಬಣ್ಣ ಒಣಗಲಿ, ಹಾಕ್ತೀನಿ."

ಅಮ್ಮ ಅಡುಗೆಮನೆಯಿಂದ ನೋಡುತ್ತಿದ್ದಳು. ಸೋಮವಾರ ಬಾಗಿಲನ್ನು ಎಳೆದುಕೊಂಡು ಕೂತಳು. ನಾನು ಅಡ್ಡ ನಿಂತೆ. "ಸರಿಯೇ ಆಚೆ," ಅಂದು ಅತ್ತೆ ಶುಂಠಿಗೆ ಒಳಗೆ ಹೋದರು. ನಾಗರಾಜ ಬೆಲ್ಲಕ್ಕೆ ನುಗ್ಗಿದ. ಅಪ್ಪ ಕಾಫಿಪುಡಿ ಹುಡುಕಿಕೊಂಡು ಬಂದರು. ಅತ್ತೆ ಮತ್ತೊಮ್ಮೆ ಮೆಣಸಿನಕಾಯಿಗೆ. "ನೀನು ಕೂತಿರು, ನಾನೇ ತಗೊಂತೀನಿ," ಅಂತ ಪ್ರತಿಯೊಬ್ಬರೂ ಬಹಳ ಮರ್ಯಾದೆಯಿಂದ ಹೇಳಿದರು. ಅಮ್ಮ ಎದ್ದಳು. ಮಣೆಯನ್ನು ಗೋಡೆಗೆ ಒರಗಿಸಿ, ಸೆರಗು ಸಿಕ್ಕಿಸಿಕೊಂಡು ಒಲೆಯ ಮುಂದೆ ಹೋದಳು.

ಅಂದು ಮಧ್ಯಾಹ್ನ ಕೇಳಿದೆ: "ಚಿಲಕ ಯಾವಾಗ ಹಾಕ್ತಾರಮ್ಮ?"

"ಬಿಡೇ. ಹಬ್ಬ ಮುಗೀಲಿ."

ನವರಾತ್ರಿ ಮುಗಿಯಿತು, ಅತ್ತೆ ಊರಿಗೆ ಹೋದರು, ದೀಪಾವಳಿಯೂ ಆಯಿತು. ಚಿಲಕ ಬರಲಿಲ್ಲ. ಹಣೆಗೆ ಒದ್ದೆ ಬಟ್ಟೆ ಬಂತು. ಅತ್ತೆಯ ಮೇಲೆ ಸಿಟ್ಟಾಗುವುದು ಸುಲಭ. ಅಪ್ಪನ ವಿಷಯಕ್ಕೆ ನನಗೆ ಮೈ ಉರಿಯುತ್ತದೆ. ಕೈ ಎತ್ತಲಿಲ್ಲ, ದನಿ ಎತ್ತಲಿಲ್ಲ, ಕೂರಬೇಡವೆಂದು ಒಂದು ಮಾತು ಹೇಳಲಿಲ್ಲ. ಹಬ್ಬದ ಕೆಲಸದ ಹೆಸರಿನಲ್ಲಿ, ಮಗಳ ಕೈಯಲ್ಲೇ ಸ್ಕ್ರೂ ಹಿಡಿಸಿ, ಕೆಲಸ ಮುಗಿಸಿದರು.

ಅಮ್ಮ ಎಂಬತ್ತೊಂದು ವರ್ಷ ಬದುಕಿದಳು. ಅವಳ ಹದಿಮೂರನೆಯ ದಿನ ವಿದ್ಯಾನಗರದ ನಾಗರಾಜನ ಮನೆ ತುಂಬ ಜನ. ಅವನು ಎದ್ದು ನಿಂತು ಹೆಮ್ಮೆಯಿಂದ ಹೇಳಿದ: "ನಮ್ಮಮ್ಮ ಒಂದು ದಿನ ಸುಮ್ನೆ ಕೂತಿದ್ದನ್ನ ನಾವ್ಯಾರೂ ನೋಡಿಲ್ಲ." ಎಲ್ಲರೂ ತಲೆ ಆಡಿಸಿದರು. ಒಬ್ಬಾಕೆ ಕಣ್ಣೊರೆಸಿಕೊಂಡರು.

"ನಾನು ನೋಡಿದೀನಿ ಕಣೋ," ಅಂದೆ. "ಹತ್ತೊಂಬತ್ತು ದಿನ ಕೂತಿದ್ಲು. ನೀನು ಬೆಲ್ಲಕ್ಕೆ ನುಗ್ಗಿದ್ದು ಕೊನೇ ದಿನ."

"ಈಗ್ಯಾಕಕ್ಕ ಅದೆಲ್ಲ," ಅಂದ ಮೆಲ್ಲಗೆ. "ಎಲೆ ಹಾಕಿದಾರೆ, ಏಳು."

ನಾನು ಏಳಲಿಲ್ಲ. ಲೆಕ್ಕ ನನಗೆ ಬಾಯಿಪಾಠ. ಅದರಲ್ಲಿ ಎರಡು ದಿನ ಅರ್ಧಕ್ಕೇ ನಿಂತವು, ಅವನ್ನು ಪೂರ್ತಿ ಹಿಡಿದರೂ ಮೂರು ಗಂಟೆ ಹತ್ತು ನಿಮಿಷ. ಎಂಬತ್ತೊಂದು ವರ್ಷದಲ್ಲಿ ಅಮ್ಮನಿಗೆಂದು ಇದ್ದದ್ದು ಅಷ್ಟೇ. ಉಳಿದದ್ದನ್ನು ಮನೆಯವರೆಲ್ಲ ತೆಗೆದುಕೊಂಡರು, ನಾನೂ ತೆಗೆದುಕೊಂಡೆ. ಆ ಮೂರು ಗಂಟೆ ಹತ್ತು ನಿಮಿಷವೂ ಇರಲಿಲ್ಲವೆಂದು ಹೇಳಿ ಅವಳನ್ನು ಹೊಗಳುವುದನ್ನು, ನಾನು ಬದುಕಿರುವ ತನಕ, ನನ್ನೆದುರು ಯಾರೂ ಮಾಡಕೂಡದು.