ಊರು ಬಿಡದ ಬಾತುಕೋಳಿಗಳು

ಬೆಳಿಗ್ಗೆ ಸಿರುಗುಪ್ಪ ಹತ್ತಿರದ ಕರೂರಿನ ನಮ್ಮ ಗದ್ದೆಗೆ ಹೋದರೆ ಬದುವಿನ ಉದ್ದಕ್ಕೂ ಬಾತುಕೋಳಿಗಳು ಸತ್ತು ಬಿದ್ದಿದ್ದವು. ಭತ್ತ ಕೊಯ್ದ ಮೇಲೆ ಉದುರಿದ ಕಾಳು ಮೇಯಿಸಲು ಆಂಧ್ರದಿಂದ ಬರುವ ವೆಂಕಟೇಶನ ಹಿಂಡು ಅದು. ಹಕ್ಕಿಜ್ವರವೇ ಇರಬೇಕೆಂದು ಊರೇ ಗದ್ದೆಗೆ ಬಂತು.

“ಈಗಿಂದೀಗ ಹಿಂಡು ಹೊಡ್ಕೊಂಡು ಹೋಗಿಬಿಡು” ಎಂದು ಎಲ್ಲರೂ ಅವನ ಮೇಲೆ ಮುಗಿಬಿದ್ದರು.

ವೆಂಕಟೇಶ ಕೋಲೂರಿ ನಿಂತ. “ನಾ ಹೋದ್ರ ರೋಗಾನೂ ನನ್ನ ಹಿಂದ ಬರ್ತೈತಿ ಅಣ್ಣಾ. ಮುಂದಿನ ಊರಾಗೂ ಕೋಳಿ ಸಾಕಿದವ್ರು ಇರ್ತಾರ. ಡಾಕ್ಟರ್ನ ಕರಸ್ರಿ.”

ಅವನ ಪರ ಮಾತಾಡಿದ್ದು ಜವಾರಿ ಕೋಳಿ ಸಾಕಿ ಮೊಟ್ಟೆ ಮಾರುವ ನಮ್ಮ ಓಣಿಯ ಖಾಜಾಬಿ. ಎಲ್ಲರಿಗಿಂತ ಹೆಚ್ಚು ಹೆದರಬೇಕಾದವರು ಅವರೇ. “ನನ್ನ ಕೋಳಿ ನಾ ಒಳಗ ಕೂಡಿ ಹಾಕ್ತೀನಿ. ಅಂವ ಇಲ್ಲೇ ಇರ್ಲಿ, ರೊಟ್ಟಿ ನಮ್ಮ ಮನ್ಯಾಗಿಂದ ಬರ್ತಾವ” ಎಂದರು.

ನಾನು ಸಿರುಗುಪ್ಪದ ಪಶು ಆಸ್ಪತ್ರೆಗೆ ಫೋನ್ ಮಾಡಿದೆ. ಡಾಕ್ಟರು ಬಂದು, ಸತ್ತ ಹಕ್ಕಿಗಳನ್ನು ಪರೀಕ್ಷೆಗೆ ಕಳಿಸಿ, ಹಿಂಡನ್ನು ಗದ್ದೆಯಿಂದ ಕದಲಿಸಬೇಡಿ ಎಂದರು. ವರದಿ ಬರುವವರೆಗೂ ವೆಂಕಟೇಶ ಕದಲಲಿಲ್ಲ. ಬೈದವರೇ ಅಕ್ಕಿ ಗಿರಣಿಯಿಂದ ಹಿಂಡಿಗೆ ತೌಡು ತಂದು, ದೂರದಲ್ಲೇ ಬದುವಿನ ಮೇಲಿಟ್ಟು ಬರುತ್ತಿದ್ದರು.

ಹಕ್ಕಿಜ್ವರವಲ್ಲ ಎಂದು ವರದಿ ಬಂತು. ಡಾಕ್ಟರು ಒಪ್ಪಿದ ಮೇಲೆ ಉಳಿದ ಹಿಂಡು ಮುಂದಿನ ಊರಿಗೆ ಹೋಯಿತು.

ಆ ಊರಿನವರಿಗೆ ಇದೆಲ್ಲ ಗೊತ್ತೇ ಇಲ್ಲ. ಎಂದಿನಂತೆ ವೆಂಕಟೇಶನ ಹತ್ತಿರ ಬಾತುಮೊಟ್ಟೆ ಕೊಳ್ಳುವಾಗ ಚೌಕಾಸಿ ಮಾಡಿದರಂತೆ. ಈಗ ಬಸ್ಸು ಆ ಊರು ದಾಟುವಾಗಲೆಲ್ಲ ನಾನು ಸ್ವಲ್ಪ ಎದೆಯುಬ್ಬಿಸಿಯೇ ಕೂರುತ್ತೇನೆ.